ಮೂರು ಹೊತ್ತಿನ ಮಾತ್ರೆ

ಪುಟ್ಟಿಗೆ ಐವತ್ತು ದಾಟಿತ್ತು. ದೊಡ್ಡ ಆಸ್ಪತ್ರೆಯೊಂದರ ಮೆಡಿಸಿನ್ ವಿಭಾಗಕ್ಕೆ ಅವಳೇ ಮುಖ್ಯಸ್ಥೆ. ಅವಳು ವಾರ್ಡಿಗೆ ಕಾಲಿಟ್ಟರೆ ಕಿರಿಯ ಡಾಕ್ಟರುಗಳು ಫೋನನ್ನು ಜೇಬಿಗಿಳಿಸಿ ನೆಟ್ಟಗೆ ನಿಲ್ಲುತ್ತಿದ್ದರು. ರೋಗಿಗಳ ಕಡೆಯವರು ಮಾತು ನಿಲ್ಲಿಸಿ ಅವಳ ಬಾಯನ್ನೇ ನೋಡುತ್ತಿದ್ದರು. ಅಂಥವಳು ಅಕ್ಕನ ಮನೆಯ ಹೊಸ್ತಿಲು ದಾಟಿದ ಕೂಡಲೇ ಪುಟ್ಟಿಯಾಗಿಬಿಡುತ್ತಿದ್ದಳು. ಈ ಕಥೆ ಆ ಮನೆಯದ್ದು. ಆದ್ದರಿಂದ ನಾವೂ ಪುಟ್ಟಿ ಎಂದೇ ಕರೆಯೋಣ. ಮೇಡಂ ಅನ್ನುವವರು ಹೊರಗೆ ಬೇಕಾದಷ್ಟು ಜನ ಇದ್ದಾರೆ.

ಆ ಮನೆಯಲ್ಲಿ ಒಂದು ಪದ್ಧತಿ ಬೆಳೆದುಬಿಟ್ಟಿತ್ತು. ಅಕ್ಕನಿಗಾಗಲಿ ಭಾವನಿಗಾಗಲಿ ಯಾವ ಡಾಕ್ಟರು ಏನೇ ಬರೆದುಕೊಡಲಿ, ಪುಟ್ಟಿ ಫೋನಿನಲ್ಲಿ ‘ಹೂಂ’ ಅನ್ನುವ ತನಕ ಮಾತ್ರೆ ಬಾಯಿಗೆ ಹೋಗುವಂತಿಲ್ಲ. ಭಾವ ಬಸ್ ಕಂಡಕ್ಟರ್ ಆಗಿ ನಿವೃತ್ತರಾದವರು. ಮಾತ್ರೆಯ ಹೆಸರನ್ನು ಅಕ್ಷರ ಅಕ್ಷರ ಬಿಡಿಸಿ, ಮುಂದಿನ ಸ್ಟಾಪಿನ ಹೆಸರು ಕೂಗಿದ ಹಾಗೆ ಕೂಗುತ್ತಿದ್ದರು. ಆ ಹೊತ್ತಿಗೆ ಪುಟ್ಟಿ ಯಾರದೋ ಹಾಸಿಗೆಯ ಪಕ್ಕ ನಿಂತಿರುತ್ತಿದ್ದಳು, ಇಲ್ಲವೇ ಲಿಫ್ಟಿನಲ್ಲಿರುತ್ತಿದ್ದಳು. ಅರ್ಧ ಕಿವಿಯಲ್ಲಿ ಕೇಳಿ ‘ಹೂಂ’ ಅನ್ನುತ್ತಿದ್ದಳು. ಅಲ್ಲಿಗೆ ಮುಗಿಯಿತು. ಬರೆದ ಡಾಕ್ಟರ ಸಹಿಗಿಂತ ಆ ‘ಹೂಂ’ಗೆ ಬೆಲೆ ಹೆಚ್ಚು.

ಸ್ವಂತ ಮನೆಯವರಿಗೆ ವೈದ್ಯ ಮಾಡಬಾರದು, ಮಮತೆ ಕಣ್ಣಿಗೆ ಅಡ್ಡ ಬರುತ್ತದೆ ಎಂದು ಡಾಕ್ಟರುಗಳಲ್ಲಿ ಒಂದು ನಿಯಮವಿದೆ. ಪುಟ್ಟಿ ಆ ನಿಯಮವನ್ನು ಚಾಚೂ ತಪ್ಪದೆ ಪಾಲಿಸಿದಳು. ಅಕ್ಕನ ನಾಡಿ ಹಿಡಿದವಳಲ್ಲ, ಎದೆಗೆ ಸ್ಟೆತಾಸ್ಕೋಪ್ ಇಟ್ಟವಳಲ್ಲ. ಫೋನಿನಲ್ಲಿ ಹೂಂ ಅನ್ನುವುದು ವೈದ್ಯ ಮಾಡಿದ ಹಾಗಲ್ಲ ಎಂದು ಅವಳೇ ತೀರ್ಮಾನಿಸಿಕೊಂಡಿದ್ದಳು. ನೋಡಬಾರದು ಎಂದಿದ್ದರೇ ಹೊರತು ನೋಡದೆ ಹೇಳಬಾರದು ಎಂದು ಯಾರೂ ಹೇಳಿರಲಿಲ್ಲವಲ್ಲ! ಓದಿದವರಿಗೆ ಇಂಥ ಸಂದುಗಳು ಬೇಗ ಕಾಣುತ್ತವೆ.

ಅಕ್ಕ ದರ್ಜಿ. ಮನೆಯ ಮುಂದಿನ ಕೋಣೆಯೇ ಅಂಗಡಿ. ಉದ್ದದ ಮೇಜು, ಕಿಟಕಿಯ ಪಕ್ಕ ಹೊಲಿಗೆ ಮಿಷನ್ನು, ಗೋಡೆಗೆ ಅರೆಬರೆ ಹೊಲಿದ ಕೋಟುಗಳು. ಅಕ್ಕ ಕತ್ತರಿಸಿದ ಕಾಲರು ಕುತ್ತಿಗೆಗೆ ಕೂತರೆ ಅದನ್ನು ತೊಟ್ಟವನು ತಾನಾಗಿಯೇ ತಲೆಯೆತ್ತಿ ನಡೆಯುತ್ತಿದ್ದ. ಕೈ ಎಷ್ಟು ನಾಜೂಕೋ ನಾಲಿಗೆ ಅಷ್ಟೇ ಹರಿತ. “ಹೊಟ್ಟೆ ಒಳಗೆ ಎಳ್ಕೊಂಡು ಅಳತೆ ಕೊಡ್ಬೇಡಿ ಸ್ವಾಮಿ, ಊಟ ಮಾಡೋವಾಗ ಗುಂಡಿ ಹಾರುತ್ತೆ” ಎಂದು ಬ್ಯಾಂಕಿನ ಮ್ಯಾನೇಜರನ್ನೇ ನಿಲ್ಲಿಸಿ ಹೇಳಿದವಳು. ಅವಳ ಬೈಗುಳ ತಿನ್ನದೆ ಆ ಅಂಗಡಿಯಿಂದ ಬಟ್ಟೆ ಪಡೆದವರು ಕಡಿಮೆ. ಬೈಸಿಕೊಂಡವರೇ ಮತ್ತೆ ಮತ್ತೆ ಬರುತ್ತಿದ್ದರು. ಪುಟ್ಟಿಯಂತೂ ಹುಟ್ಟಿದಾಗಿನಿಂದ ಆ ಬೈಗುಳದಲ್ಲೇ ಬೆಳೆದವಳು. ಅಪ್ಪ ಅಮ್ಮ ಹೋದ ಮೇಲೆ, ಗಂಡನೂ ಹೋದ ಮೇಲೆ, ಅವಳಿಗೆ ತನ್ನವರು ಎಂದು ಉಳಿದದ್ದು ಅಕ್ಕ ಒಬ್ಬಳೇ.

ಆ ಅಕ್ಕ ಈಚೆಗೆ ಕುಗ್ಗುತ್ತಾ ಬಂದಿದ್ದಳು. ಮೊದಲು ಕೈ ನಡುಗಿತು. ಆಮೇಲೆ ಹೆಜ್ಜೆ ಚಿಕ್ಕದಾಯಿತು, ಕಾಲು ನೆಲವನ್ನು ಸವರಿಕೊಂಡು ಹೋಗತೊಡಗಿತು. ದನಿ ಇಳಿಯಿತು. ಮುಖ ಇಸ್ತ್ರಿ ಮಾಡಿದ ಬಟ್ಟೆಯ ಹಾಗೆ ನುಣುಪಾಗಿ, ನಗುವೂ ಇಲ್ಲ, ಸಿಡುಕೂ ಇಲ್ಲ. ಭಾವ ಅವಳನ್ನು ನರದ ಡಾಕ್ಟರ ಬಳಿ ಕರೆದುಕೊಂಡು ಹೋದರು. ಇದು ನಡುಕದ ಕಾಯಿಲೆ, ವಯಸ್ಸಾದವರಿಗೆ ಬರುತ್ತದೆ, ವಾಸಿಯಾಗುವುದಲ್ಲ, ಹಿಡಿತದಲ್ಲಿ ಇಡಬಹುದು ಎಂದು ಅವರು ಮಾತ್ರೆ ಬರೆದರು. ಪುಟ್ಟಿ ಹೂಂ ಅಂದಳು. ಆ ಮಾತ್ರೆ ಶುರುವಾದ ಮೇಲೆ ಅಕ್ಕನಿಗೆ ಬಾಯಿ ಒಣಗಿತು, ಮಲ ಕಟ್ಟಿತು, ಮರೆವು ಬಂತು. ಮಲಕ್ಕೊಂದು ಪುಡಿ, ಮರೆವಿಗೊಂದು ಮಾತ್ರೆ. ಪುಟ್ಟಿ ಎರಡಕ್ಕೂ ಹೂಂ ಅಂದಳು. ಮರೆವಿನ ಮಾತ್ರೆಗೆ ಹಸಿವು ಹೋಯಿತು. ಹಸಿವಿಗೊಂದು ಟಾನಿಕ್ಕು ಬಂತು. ನಡುನಡುವೆ ಪುಟ್ಟಿ ಬಂದು, ಫೋನು ನೋಡುತ್ತಲೇ ಉಂಡು ಹೋಗುತ್ತಿದ್ದಳು.

ಒಂದು ದಿನ ಅಕ್ಕ ಕೋಟಿನ ಬಟ್ಟೆಯ ಮೇಲೆ ಕತ್ತರಿ ಇಟ್ಟು, ನಡುಗುವ ಕೈಯನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡು, ಬಹಳ ಹೊತ್ತು ಸುಮ್ಮನೆ ನಿಂತಿದ್ದಳಂತೆ. ಆಮೇಲೆ ಅಂಗಡಿಯ ಬಾಗಿಲು ಎಳೆದಳು. ಮತ್ತೆ ತೆರೆಯಲಿಲ್ಲ. ಭಾವ ಫೋನಿನಲ್ಲಿ ನಗುತ್ತಲೇ ಹೇಳಿದರು:

“ನಿಮ್ಮಕ್ಕ ಈಗ ಬೈಯೋದೇ ಇಲ್ಲ ಪುಟ್ಟಿ. ಮನೆ ಎಷ್ಟು ತಣ್ಣಗಿದೆ ಗೊತ್ತಾ? ಮದುವೆ ಆದಾಗಿಂದ ಇಂಥ ಶಾಂತಿ ಕಂಡಿರ್ಲಿಲ್ಲ ನಾನು.”

ಹೇಳಿ ಮುಗಿಸಿದವರು ಫೋನು ಇಡಲಿಲ್ಲ. ಆ ಕಡೆಯಿಂದ ಮೂಗು ಒರೆಸಿಕೊಳ್ಳುವ ಸದ್ದು ಕೇಳಿಸಿತು. ವಾಸಿಯಾಗದ ಕಾಯಿಲೆಗೆ ಸಮಾಧಾನ ಹೇಳುವುದು ಪುಟ್ಟಿಯ ದಿನನಿತ್ಯದ ಕೆಲಸವಾಗಿತ್ತು, ಆದರೆ ಆ ಮಾತುಗಳೆಲ್ಲ ಬೇರೆಯವರ ಮನೆಗೆ ಹೊಲಿದವು.

ಪ್ರತಿ ವರ್ಷ ವೈದ್ಯರ ಸಮ್ಮೇಳನವೊಂದು ನಡೆಯುತ್ತಿತ್ತು. ಊರೂರುಗಳಲ್ಲಿ ದವಾಖಾನೆ ಇಟ್ಟುಕೊಂಡ ಡಾಕ್ಟರುಗಳು ಬಂದು ಹೊಸ ವಿಷಯ ಕೇಳಿ ಹೋಗುತ್ತಿದ್ದರು. ಪುಟ್ಟಿಯ ಭಾಷಣ ಇಲ್ಲದೆ ಅದು ನಡೆಯುವಂತಿರಲಿಲ್ಲ. ಅವಳಿಗೆ ಪ್ರಿಯವಾದ ವಿಷಯ ಒಂದೇ. ಅದಕ್ಕೆ ಅವಳೇ ಇಟ್ಟ ಹೆಸರು ‘ಮಾತ್ರೆ ಹೆರುವ ಮಾತ್ರೆ’. ಒಂದು ಮಾತ್ರೆ ಮೈಯಲ್ಲಿ ಒಂದು ತೊಂದರೆ ತರುತ್ತದೆ. ಡಾಕ್ಟರು ಅದನ್ನು ಮಾತ್ರೆಯ ತೊಂದರೆ ಎಂದು ತಿಳಿಯದೆ ಹೊಸ ಕಾಯಿಲೆ ಎಂದು ತಿಳಿಯುತ್ತಾನೆ. ಅದಕ್ಕೊಂದು ಮಾತ್ರೆ ಬರೆಯುತ್ತಾನೆ. ಅದೂ ಒಂದನ್ನು ಹೆರುತ್ತದೆ. ಕೊನೆಗೆ ರೋಗಿಯ ಹೊಟ್ಟೆಯಲ್ಲಿ ಊಟಕ್ಕಿಂತ ಮಾತ್ರೆ ಹೆಚ್ಚು. ಇದನ್ನು ಪುಟ್ಟಿ ಎಷ್ಟು ಚೆನ್ನಾಗಿ ಹೇಳುತ್ತಿದ್ದಳೆಂದರೆ ಸಭೆ ಬಿದ್ದು ಬಿದ್ದು ನಗುತ್ತಿತ್ತು, ನಗುತ್ತಲೇ ತಲೆ ತಗ್ಗಿಸುತ್ತಿತ್ತು.

ಆ ವರ್ಷ ಸಮ್ಮೇಳನ ನಡೆಯುವ ಊರಿಗೆ ಹೋಗುವ ದಾರಿಯಲ್ಲೇ ಅಕ್ಕನ ಊರು. ಹಿಂದಿನ ದಿನ ಮಧ್ಯಾಹ್ನವೇ ಪುಟ್ಟಿ ಅಕ್ಕನ ಮನೆಗೆ ಬಂದಳು. ದಾರಿಯುದ್ದಕ್ಕೂ ತಿರುವುಗಳು. ಕಾರಿನ ಹಿಂದಿನ ಸೀಟಿನಲ್ಲಿ ತಲೆ ಬಗ್ಗಿಸಿ ಭಾಷಣದ ಚಿತ್ರಗಳನ್ನು ತಿದ್ದುತ್ತಾ ಬಂದದ್ದರಿಂದ ಇಳಿಯುವ ಹೊತ್ತಿಗೆ ತಲೆ ಗಿರ್ರೆನ್ನುತ್ತಿತ್ತು. ಬಾಗಿಲು ತೆರೆದ ಭಾವ, “ಟಿಕೆಟ್ ಇಲ್ದೇ ಬಂದ್ಯಾ ಹೇಗೆ, ಮುಖ ಹಿಂಗಿದೆ” ಎಂದರು. ಪುಟ್ಟಿ ಕುರ್ಚಿಯಲ್ಲಿ ಕುಸಿದು ಕಣ್ಣು ಮುಚ್ಚಿದಳು.

“ತಲೆ ತಿರುಗ್ತಿದೆ ಭಾವ. ಸ್ವಲ್ಪ ನೀರು ಕೊಡಿ.”

ಕಿಟಕಿಯ ಪಕ್ಕ ಕೂತಿದ್ದ ಅಕ್ಕ ಅದನ್ನು ಕೇಳಿಸಿಕೊಂಡಳು. ಏಳಲು ನೋಡಿದಳು, ಆಗಲಿಲ್ಲ. ಮತ್ತೊಮ್ಮೆ ನೋಡಿದಳು. ಭಾವ ಕೈ ಕೊಡಲು ಹೋದರೆ ಬೇಡವೆಂದು ತಲೆಯಾಡಿಸಿ ಎದ್ದು, ಪುಟ್ಟ ಪುಟ್ಟ ಹೆಜ್ಜೆಯಲ್ಲಿ ಒಳಗೆ ಹೋದಳು. ಬಹಳ ಹೊತ್ತಿನ ಮೇಲೆ ಬಂದಳು. ನಡುಗುವ ಅಂಗೈಯಲ್ಲಿ ಒಂದು ಪುಟ್ಟ ಬಿಳಿ ಮಾತ್ರೆ.

“ತಗೋ. ಬೇಗ ನಿಲ್ಲುತ್ತೆ.”

“ಏನಕ್ಕ ಇದು?”

“ನೀನೇ ಕೊಟ್ಟಿದ್ದಲ್ವಾ. ತಲೆಸುತ್ತಿಗೆ.” ಅಕ್ಕನ ದನಿ ಕೆಳದನಿಯಾಗಿ, ಏರಿಳಿತವಿಲ್ಲದೆ ಬಂತು. “ಬಹಳ ಒಳ್ಳೇ ಮಾತ್ರೆ ಪುಟ್ಟಿ. ನಂಗೆ ಆಮೇಲೆ ಒಂದ್ಸಲನೂ ತಲೆ ಸುತ್ಲಿಲ್ಲ. ಮೂರು ಹೊತ್ತೂ ತಗೋತೀನಿ. ಒಂದು ಹೊತ್ತೂ ತಪ್ಸಿಲ್ಲ.”

ಪುಟ್ಟಿ ಕಣ್ಣು ತೆರೆದಳು. ತಲೆ ತಿರುಗುತ್ತಿದ್ದದ್ದು ಎಲ್ಲಿ ಹೋಯಿತೋ. ಅಕ್ಕನ ಅಂಗೈಯಲ್ಲಿದ್ದ ಆ ಮಾತ್ರೆಯ ಗುರುತು ಅವಳಿಗೆ ಚೆನ್ನಾಗಿಯೇ ಇತ್ತು. ನಾಳೆಯ ಭಾಷಣದಲ್ಲಿ ಅದರ ಚಿತ್ರವೇ ಇತ್ತು. ತಲೆಸುತ್ತಿಗೆ, ವಾಂತಿಗೆ ಒಂದೆರಡು ದಿನಕ್ಕೆ ಕೊಡುವಂಥದ್ದು. ತಿಂಗಳುಗಟ್ಟಲೆ ತೆಗೆದುಕೊಂಡರೆ ವಯಸ್ಸಾದವರಲ್ಲಿ ಕೈಕಾಲು ಬಿಗಿಯುತ್ತದೆ, ನಡುಕ ಬರುತ್ತದೆ, ಮುಖದ ಮೇಲಿನ ಭಾವ ಹೋಗುತ್ತದೆ. ನೋಡಿದವರು ನಡುಕದ ಕಾಯಿಲೆ ಎಂದೇ ತಿಳಿಯುತ್ತಾರೆ.

ಆಗ ನೆನಪಾಯಿತು. ಎರಡು ವರ್ಷದ ಹಿಂದೆ ಇರಬೇಕು. ಅಕ್ಕ ಬೆಳಿಗ್ಗೆ ಫೋನು ಮಾಡಿ, ಹಾಸಿಗೆಯಿಂದ ಎದ್ದರೆ ಕೋಣೆಯೇ ಸುತ್ತುತ್ತದೆ ಎಂದಿದ್ದಳು. ಪುಟ್ಟಿಯ ಸುತ್ತ ಕಿರಿಯರ ಗುಂಪಿತ್ತು, ಎದುರಿಗೆ ಉಸಿರಿಗೆ ಒದ್ದಾಡುತ್ತಿದ್ದ ರೋಗಿಯಿದ್ದ. ಮಾತ್ರೆಯ ಹೆಸರು ಹೇಳಿ, ಮೂರು ಹೊತ್ತು ತಗೋ, ಆಮೇಲೆ ಮಾತಾಡ್ತೀನಿ ಎಂದು ಫೋನಿಟ್ಟಿದ್ದಳು. ಆಮೇಲೆ ಮಾತಾಡಿದ್ದಳು, ಬೇಕಾದಷ್ಟು ಸಲ. ಆದರೆ ಆ ಮಾತ್ರೆ ಇನ್ನು ಸಾಕು ಎಂದು ಮಾತ್ರ ಹೇಳಿರಲಿಲ್ಲ. ತಾನೇ ಹೇಳಿದ ಮಾತ್ರೆಗೆ ಹೂಂ ಕೇಳುವವರು ಯಾರಿದ್ದರು?

“ಅಕ್ಕ, ನರದ ಡಾಕ್ಟ್ರು ನಿನ್ನ ಕೇಳ್ಲಿಲ್ವಾ, ಬೇರೆ ಯಾವ ಔಷಧಿ ತಗೋತೀರಿ ಅಂತ?”

“ಕೇಳಿದ್ರು. ಬಿಪಿ ಮಾತ್ರೆ ಒಂದೇ ಅಂದೆ.”

“ಇದನ್ನ ಯಾಕೆ ಹೇಳ್ಲಿಲ್ಲ?”

ಅಕ್ಕ ಅವಳನ್ನೇ ನೋಡಿದಳು. ಆ ಮುಖದ ಮೇಲೆ ಆಶ್ಚರ್ಯವೂ ಮೂಡಲಿಲ್ಲ.

“ಇದು ಔಷಧಿನಾ? ಇದು ನೀನು ಕೊಟ್ಟಿದ್ದಲ್ವಾ?”

ಭಾವನೂ ತಲೆಯಾಡಿಸಿದರು. ಮೂಲೆಯ ಮೆಡಿಕಲ್ ಅಂಗಡಿಯವನು ಮೊದಮೊದಲು ಚೀಟಿ ಕೇಳಿದನಂತೆ. ‘ನನ್ನ ನಾದಿನಿ ಯಾರು ಗೊತ್ತೇನಯ್ಯಾ’ ಎಂದು ಭಾವ ಜೋರು ಮಾಡಿದ ಮೇಲೆ ಕೇಳುವುದನ್ನು ಬಿಟ್ಟನಂತೆ. ಹೇಳುವಾಗ ಭಾವನಿಗೆ ಇನ್ನೂ ಹೆಮ್ಮೆಯಿತ್ತು.

ಪುಟ್ಟಿ ಅಕ್ಕನನ್ನು ಕೂರಿಸಿ, ಅವಳ ಮುಂದೆ ನೆಲದ ಮೇಲೆ ಕೂತಳು. ಅಕ್ಕನ ತೋಳು ಹಿಡಿದು ನಿಧಾನವಾಗಿ ಮಡಚಿದಳು, ಬಿಡಿಸಿದಳು. ಮೊಣಕೈ ಸಲೀಸಾಗಿ ಬರಲಿಲ್ಲ. ತುಕ್ಕು ಹಿಡಿದ ಮಿಷನ್ನಿನ ಚಕ್ರದ ಹಾಗೆ ತಡೆತಡೆದು ಬಂತು. ಇನ್ನೊಂದು ತೋಳು ನೋಡಿದಳು. ಅಲ್ಲೂ ಅಷ್ಟೇ. ವಯಸ್ಸಿನಿಂದ ಬರುವ ಕಾಯಿಲೆಯಾದರೆ ಸಾಮಾನ್ಯವಾಗಿ ಒಂದು ಕಡೆಯಿಂದ ಶುರುವಾಗುತ್ತದೆ, ಒಂದು ಕಡೆ ಹೆಚ್ಚಿರುತ್ತದೆ. ಮಾತ್ರೆಯಿಂದ ಬಂದದ್ದು ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಸಮ. ಇದನ್ನು ಅವಳು ಎಷ್ಟು ತಂಡಗಳಿಗೆ ಪಾಠ ಮಾಡಿದ್ದಳೋ ಲೆಕ್ಕವಿಲ್ಲ. ಅಕ್ಕನ ಮೈಯನ್ನು ಡಾಕ್ಟರಾಗಿ ಅವಳು ಮುಟ್ಟಿದ್ದು ಮಾತ್ರ ಅಂದೇ ಮೊದಲು.

“ಅಕ್ಕ, ಈ ಮಾತ್ರೆ ಇನ್ನು ಬೇಡ.”

“ಯಾಕೆ?”

ಸತ್ಯ ನಾಲಿಗೆಯ ತುದಿಗೆ ಬಂದಿತ್ತು. ಅಲ್ಲೇ ನಿಂತಿತು.

“ಹಳೇದಾಯ್ತು. ಈಗ ಯಾರೂ ಕೊಡಲ್ಲ ಇದನ್ನ.”

“ನೀನು ಹೇಳಿದ್ರೆ ಸರಿ,” ಅಂದಳು ಅಕ್ಕ. ಅಷ್ಟೇ ಸುಲಭವಾಗಿ ಅಂದಳು. ಒಂದು ಮಾತಿಗೆ ಶುರುವಾದದ್ದು ಒಂದು ಮಾತಿಗೆ ನಿಂತಿತು. ನಡುವೆ ಹೋದದ್ದಕ್ಕೆ ಯಾರೂ ಲೆಕ್ಕ ಕೇಳಲಿಲ್ಲ. ಪುಟ್ಟಿ ಮಾತ್ರೆಗಳನ್ನೆಲ್ಲ ತನ್ನ ಚೀಲಕ್ಕೆ ಹಾಕಿಕೊಂಡು, ಕಳ್ಳಿಯ ಹಾಗೆ ಎದ್ದು ಹೊರಟಳು.

ಕಾರಿನಲ್ಲಿ ಕೂತು ನರದ ಡಾಕ್ಟರಿಗೆ ಫೋನು ಮಾಡಿದಳು. ಅವನು ಅವಳಿಗಿಂತ ಎಷ್ಟೋ ಕಿರಿಯ. ವಿಷಯ ಕೇಳಿ ಹೇಳಿದ:

“ಎರಡೂ ಕಡೆ ಒಂದೇ ಸಮ ಇದ್ದಿದ್ದು ನೋಡಿ ನಂಗೂ ಅನುಮಾನ ಬಂದಿತ್ತು ಮೇಡಂ. ಬೇರೆ ಮಾತ್ರೆ ಏನಾದ್ರೂ ಇದೆಯಾ ಅಂತ ಎರಡೆರಡು ಸಲ ಕೇಳ್ದೆ. ಇಲ್ಲ ಅಂದ್ರು. ಎಲ್ಲಾ ಔಷಧೀನೂ ನನ್ನ ತಂಗಿ ನೋಡೇ ಕೊಡೋದು ಅಂದ್ರು, ನಿಮ್ಮ ಹೆಸರು ಹೇಳಿದ್ರು. ನಿಮಗೆ ಫೋನ್ ಮಾಡಿ, ನೀವು ಸರಿಯಾಗಿ ನೋಡಿದೀರಾ ಅಂತ ಹೇಗೆ ಕೇಳ್ಲಿ ಮೇಡಂ?”

“ಕೇಳ್ಬೇಕಿತ್ತು.”

“ಹೌದು ಮೇಡಂ,” ಅಂದ. ಆಮೇಲೆ ಮೆಲ್ಲಗೆ, “ನಾನು ಬರೆದಿದ್ದಕ್ಕೆಲ್ಲ ನೀವು ಒಪ್ಪಿದ್ರಿ ಅಂತ ಅವರ ಯಜಮಾನ್ರು ಹೇಳ್ತಿದ್ರು. ಅದರಿಂದ ನಂಗೂ ಧೈರ್ಯ ಬಂದಿತ್ತು” ಎಂದ.

ಅವನು ಅವಳನ್ನು ನಂಬಿ ಕೇಳಲಿಲ್ಲ. ಅವಳು ಅವನನ್ನು ನಂಬಿ ನೋಡಲಿಲ್ಲ. ನಡುವೆ ಅಕ್ಕ ಇಬ್ಬರನ್ನೂ ನಂಬಿ ನುಂಗುತ್ತಾ ಹೋದಳು. ನರದ ಮಾತ್ರೆ, ಮರೆವಿನ ಮಾತ್ರೆಗಳನ್ನು ಹೇಗೆ ಹಂತಹಂತವಾಗಿ ಇಳಿಸಬೇಕೆಂದು ಇಬ್ಬರೂ ಮಾತಾಡಿಕೊಂಡರು. ಸರಿಹೋಗುತ್ತದೆಯೇ ಎಂದು ಪುಟ್ಟಿ ಕೇಳಿದಳು. ಅವಳಿಗೆ ಗೊತ್ತಿಲ್ಲದ ಉತ್ತರವೇನಲ್ಲ. ಹೆಚ್ಚಿನವರಿಗೆ ತಿಂಗಳುಗಳಲ್ಲಿ ಇಳಿಯುತ್ತದೆ, ಕೆಲವರಿಗೆ ಪೂರ್ತಿ ಇಳಿಯುವುದಿಲ್ಲ ಎಂದು ಅವನು ಹೇಳಿದ. ರೋಗಿಯ ಕಡೆಯವರಿಗೆ ಹೇಳುವ ದನಿಯಲ್ಲೇ ಹೇಳಿದ. ಆ ದನಿ ಕೇಳುವ ಕಡೆ ಕೂತರೆ ಹೇಗಿರುತ್ತದೆಂದು ಪುಟ್ಟಿಗೆ ಆಗ ತಿಳಿಯಿತು.

ಮಾರನೆಯ ದಿನ ಅವಳು ಭಾಷಣ ಮಾಡಿದಳು. ಮಾಡದೆ ಇರಬಹುದಿತ್ತು, ಮೈ ಸರಿಯಿಲ್ಲ ಎಂದರೆ ಯಾರೂ ತಪ್ಪು ತಿಳಿಯುತ್ತಿರಲಿಲ್ಲ. ಆದರೂ ವೇದಿಕೆ ಹತ್ತಿದಳು. ಆ ಬಿಳಿ ಮಾತ್ರೆಯ ಚಿತ್ರ ತೆರೆಯ ಮೇಲೆ ಮೇಜಿನಷ್ಟು ದೊಡ್ಡದಾಗಿ ಬಂದಾಗ ಒಂದು ಗಳಿಗೆ ತಡವರಿಸಿ, “ಒಬ್ಬ ಹೆಂಗಸು. ಬಟ್ಟೆ ಹೊಲಿಯೋರು” ಎಂದು ಶುರುಮಾಡಿದಳು. ಅಕ್ಕನ ಕಥೆಯನ್ನೇ ಹೇಳಿದಳು. ನಡುಕಕ್ಕೊಂದು, ಮರೆವಿಗೊಂದು, ಹಸಿವಿಗೊಂದು. ಸಭೆ ನಕ್ಕಿತು. ಅವಳೇ ವರ್ಷಗಟ್ಟಲೆ ಅವರಿಗೆ ಅಲ್ಲಿ ನಗುವುದನ್ನು ಕಲಿಸಿದ್ದಳು. ಕೊನೆಗೆ ಹಿಂದಿನ ಸಾಲಿನಿಂದ ಒಬ್ಬ ಡಾಕ್ಟರು ಎದ್ದು ಕೇಳಿದರು:

“ಮೇಡಂ, ಮೊದಲನೇ ಮಾತ್ರೆ ಕೊಟ್ಟ ಆ ಮಹಾನುಭಾವ ಯಾರು?”

ಮತ್ತೆ ನಗು. ಪುಟ್ಟಿ ಮೈಕನ್ನು ಬಿಗಿಯಾಗಿ ಹಿಡಿದುಕೊಂಡಳು. ನಾನು ಅನ್ನಲು ಎರಡೇ ಅಕ್ಷರ.

“ಯಾರೋ ಒಬ್ಬರು,” ಅಂದಳು. “ನಮ್ಮ ಹಾಗೇ ಅವಸರದಲ್ಲಿ ಇದ್ದವರು.”

ಚಪ್ಪಾಳೆ ಬಹಳ ಹೊತ್ತು ನಡೆಯಿತು. ಊಟದ ಹೊತ್ತಿಗೆ ಬಂದು ಬಂದು ಕೈ ಕುಲುಕಿದರು. ಪುಟ್ಟಿಗೆ ತನ್ನ ಮೇಲೆ ಹೇಸಿಗೆಯಾಯಿತು. ಊಟ ಮಾಡದೆ ಕಾರು ತಿರುಗಿಸಲು ಹೇಳಿದಳು.

ಅಕ್ಕ ಕಿಟಕಿಯ ಪಕ್ಕದ ಅದೇ ಕುರ್ಚಿಯಲ್ಲಿದ್ದಳು. ಪುಟ್ಟಿ ಭಾವನನ್ನೂ ಕರೆದು ಕೂರಿಸಿ, ಎಲ್ಲವನ್ನೂ ಹೇಳಿದಳು. ಈ ಬಾರಿ ಏನೂ ಮುಚ್ಚಿಡಲಿಲ್ಲ. ನಿನಗೆ ಬಂದದ್ದು ಕಾಯಿಲೆಯಲ್ಲ, ನನ್ನ ಮಾತ್ರೆ. ನಾನು ಹೇಳಿ ಮರೆತೆ. ಆಮೇಲೆ ಬಂದ ಮಾತ್ರೆಗಳೆಲ್ಲ ಅದರ ಮಕ್ಕಳು, ಅವುಗಳಿಗೂ ಹೂಂ ಅಂದವಳು ನಾನೇ. ಹೇಳುತ್ತಾ ಹೇಳುತ್ತಾ ದನಿ ಒಡೆಯಿತು. ಭಾವ ಒಮ್ಮೆ ಅವಳನ್ನೂ ಒಮ್ಮೆ ಹೆಂಡತಿಯನ್ನೂ ನೋಡಿದರು.

ಅಕ್ಕನ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಅರ್ಥವಾಯಿತೋ ಇಲ್ಲವೋ ಎಂದು ಪುಟ್ಟಿಗೆ ಭಯವಾಯಿತು. ಬಹಳ ಹೊತ್ತಾದ ಮೇಲೆ ಅಕ್ಕ ಹೇಳಿದಳು:

“ಆಯ್ತು ಬಿಡು.”

ಪುಟ್ಟಿ ಅವಳ ಮಡಿಲಲ್ಲಿ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತಳು. ನಡುಗುವ ಕೈಯೊಂದು ಅವಳ ತಲೆಯ ಮೇಲೆ ಬಂದು ಕೂತಿತು. ಅಕ್ಕ ಕ್ಷಮಿಸಿದಳು ಎಂದು ಪುಟ್ಟಿ ತಿಳಿದಳು. ಎದೆಯ ಮೇಲಿನ ಭಾರ ಇಳಿಯಿತು. ಹಿಂತಿರುಗುವಾಗ ದಾರಿಯುದ್ದಕ್ಕೂ ನಿದ್ದೆ ಮಾಡಿದಳು.

ಅಲ್ಲಿಂದ ಪ್ರತಿ ಭಾನುವಾರ ಬಂದಳು. ಬಂದವಳೇ ಅಕ್ಕನ ಮೊಣಕೈ ಮಡಚಿ ನೋಡುವಳು, ಬಾಗಿಲ ತನಕ ನಡೆಸುವಳು, ಬೆರಳು ಜೋಡಿಸಿ ಬಿಡಿಸು ಎನ್ನುವಳು. ಮೊದಲ ವಾರಗಳಲ್ಲಿ ಏನೂ ಆಗಲಿಲ್ಲ. ಬದಲಿಗೆ ಅಕ್ಕ ಒಮ್ಮೆ ಬಚ್ಚಲಲ್ಲಿ ಜಾರಿ ಬಿದ್ದು ಹಣೆ ಊದಿಸಿಕೊಂಡಳು. ಭಾವ ತಮಾಷೆ ಮಾಡುವುದನ್ನು ಬಿಟ್ಟರು. ಪುಟ್ಟಿ ಬಂದರೆ ಬಾಗಿಲು ತೆರೆದು, “ಬಾ” ಎಂದಷ್ಟೇ ಹೇಳಿ ಒಳಗೆ ಹೋಗುತ್ತಿದ್ದರು. ವಾಸಿಯಾಗದವರ ಗುಂಪಿಗೆ ಅಕ್ಕ ಸೇರಿದಳೇನೋ ಎಂದು ಪುಟ್ಟಿ ವಾರ್ಡಿನಲ್ಲಿ ನಿಂತಲ್ಲೇ ಬೆವರುತ್ತಿದ್ದಳು. ಫೋನು ಬಂದರೆ ಕಿರಿಯರ ಗುಂಪನ್ನು ಬಿಟ್ಟು ದೂರ ಹೋಗಿ ಎರಡೂ ಕಿವಿ ಕೊಟ್ಟು ಕೇಳುತ್ತಿದ್ದಳು. ಈಗ ಕೇಳಿ ಏನು ಬಂತು ಎಂದು ಅವಳ ಮನಸ್ಸೇ ಅವಳನ್ನು ಚುಚ್ಚುತ್ತಿತ್ತು.

ಆಮೇಲೆ, ಬಹಳ ನಿಧಾನವಾಗಿ, ಬಿಗಿ ಸಡಿಲಾಯಿತು. ಮೊದಲು ಅಕ್ಕ ಕಣ್ಣು ಮಿಟುಕಿಸಿದ್ದನ್ನು ಪುಟ್ಟಿ ಕಂಡಳು. ಎಲ್ಲರೂ ಮಿಟುಕಿಸುವ ಹಾಗೆ, ಆಗಾಗ. ಮುಂದಿನ ವಾರ ಹೆಜ್ಜೆ ನೆಲ ಬಿಟ್ಟು ಎದ್ದಿತು. ಮಾತ್ರೆಗಳೆಲ್ಲ ಇಳಿದ ಮೇಲೆ ಮರೆವೂ ಇಳಿಯಿತು. ಅಂಗಡಿ ಮುಚ್ಚಿದ ದಿನ ಮೇಜಿನ ಮೇಲೆ ಯಾರ ಕೋಟಿತ್ತು ಎಂಬುದು ಅಕ್ಕನಿಗೆ ನೆನಪಾಯಿತು. ಆ ಮನುಷ್ಯ ಅದನ್ನು ಬೇರೆ ಕಡೆ ಹೊಲಿಸಿಕೊಂಡು, ಹಾಕಿ, ಹಳೆಯದು ಮಾಡಿಯೂ ಆಗಿತ್ತು. ಹಳೆಯ ಗಿರಾಕಿಗಳೆಲ್ಲ ಬೇರೆ ಅಂಗಡಿ ಹಿಡಿದಿದ್ದರು. ನಡುಕ ಹೋಯಿತು. ಬಲಗೈಯ ಹೆಬ್ಬೆರಳು, ತೋರುಬೆರಳು ಮಾತ್ರ ಸೋಮಾರಿಗಳಾಗಿ ಉಳಿದವು. ಉಳಿದ ಬೆರಳುಗಳು ಮಾತು ಕೇಳುತ್ತಿದ್ದವು, ಇವೆರಡು ತಡಮಾಡಿ ಬರುತ್ತಿದ್ದವು. ಇನ್ನು ಬರುವುದಿದ್ದರೆ ಇಷ್ಟು ಹೊತ್ತಿಗೆ ಬರಬೇಕಿತ್ತು ಎಂದು ನರದ ಡಾಕ್ಟರು ಹೇಳಿದ್ದ. ಪುಟ್ಟಿ ಅದನ್ನು ಅಕ್ಕನಿಗೆ ಹೇಳಿರಲಿಲ್ಲ.

ಒಂದು ಭಾನುವಾರ ಅವಳು ಬಂದಾಗ ಅಂಗಡಿಯ ಬಾಗಿಲು ತೆರೆದಿತ್ತು. ಅಕ್ಕ ಮೇಜಿನ ಮುಂದೆ ನಿಂತಿದ್ದಳು. ಭಾವನ ಹಳೆಯ ಅಂಗಿಯೊಂದನ್ನು ಬಿಚ್ಚಿ, ಸೀಮೆಸುಣ್ಣದಲ್ಲಿ ಕಾಲರಿನ ಗೆರೆ ಎಳೆದು, ಕತ್ತರಿ ಹಿಡಿದಿದ್ದಳು. ಪುಟ್ಟಿ ಬಾಗಿಲಲ್ಲೇ ನಿಂತಳು. ಕತ್ತರಿ ಗೆರೆಯ ಮೇಲೆ ಚೆನ್ನಾಗಿಯೇ ಹೊರಟಿತು. ಕಾಲರಿನ ತಿರುವಿಗೆ ಬಂದಾಗ ಹೆಬ್ಬೆರಳು ತಡವಾಯಿತು. ಕತ್ತರಿ ಗೆರೆ ಬಿಟ್ಟು ಒಳಗೆ ಕಚ್ಚಿತು. ಅಕ್ಕ ಇನ್ನೊಂದು ತುಂಡು ತೆಗೆದುಕೊಂಡಳು. ಅದೇ ತಿರುವು, ಅದೇ ತಪ್ಪು. ಮೂರನೆಯದನ್ನು ಎಳೆದುಕೊಂಡು ಹಾಗೇ ಬಿಟ್ಟಳು. ಕತ್ತರಿಯನ್ನು ಮೇಜಿನ ಮೇಲಿಟ್ಟು ತಲೆಯೆತ್ತಿದಳು.

“ಇದು ಇಷ್ಟೇನಾ?”

ಪುಟ್ಟಿಗೆ ಸುಳ್ಳು ಹೇಳಲು ಬಾಯಿ ಬರಲಿಲ್ಲ.

“ಇಷ್ಟೇ ಅನ್ಸುತ್ತೆ ಅಕ್ಕ.”

ಅಕ್ಕನ ಹುಬ್ಬುಗಳು ಹತ್ತಿರ ಬಂದವು. ಹಣೆಯ ಮೇಲೆ ಎರಡು ಗೆರೆ ಮೂಡಿದವು, ಮೂಗಿನ ಹೊಳ್ಳೆ ಅರಳಿತು, ತುಟಿಯ ಒಂದು ಕೊನೆ ಕೆಳಗಿಳಿಯಿತು. ಪುಟ್ಟಿಯ ಒಳಗಿನ ಡಾಕ್ಟರು ಅದನ್ನೆಲ್ಲ ಒಂದೊಂದಾಗಿ ಗುರುತು ಹಾಕಿಕೊಂಡು ಹಿಗ್ಗಿದಳು. ಮುಖ ಪೂರ್ತಿ ವಾಪಸು ಬಂದಿತ್ತು. ಅಷ್ಟರಲ್ಲಿ ಅಕ್ಕ ಮಾತಾಡಿದಳು.

“ಎರಡು ವರ್ಷ ಈ ಮನೆಗೆ ಬಂದು ಹೋದ್ಯಲ್ಲೇ. ನನ್ನ ಎದುರಿಗೆ ಕೂತು ಉಂಡ್ಯಲ್ಲೇ. ಒಂದ್ಸಲ, ಒಂದೇ ಒಂದ್ಸಲ ಕತ್ತೆತ್ತಿ ನನ್ನ ನೋಡಿದ್ಯಾ? ಬೀದೀಲಿ ಹೋಗೋ ಯಾವಳಾದ್ರೂ ನಿನ್ನ ಆಸ್ಪತ್ರೆ ಬಾಗಿಲಿಂದ ಹಿಂಗೆ ಕಾಲೆಳ್ಕೊಂಡು ಬಂದಿದ್ರೆ, ಕುರ್ಚಿ ತನಕ ಬರೋದ್ರೊಳಗೆ ಏನಾಗಿದೆ ಅಂತ ಹಿಡೀತಿದ್ದೆ ನೀನು. ಹಿಡೀತಿದ್ಯೋ ಇಲ್ವೋ?”

“ಹಿಡೀತಿದ್ದೆ.”

“ನಾನು ಅಕ್ಕ ಅಲ್ವಾ. ನಂಗೆ ಹೂಂ ಸಾಕು.”

“ಅಕ್ಕ, ನೀನು ಅವತ್ತು ಆಯ್ತು ಬಿಡು ಅಂದಿದ್ಯಲ್ಲ.”

“ಅಂದೆ. ಇನ್ನೇನು ಅನ್ಲಿ?” ಅಕ್ಕ ಮೇಜು ಬಳಸಿಕೊಂಡು ಹತ್ತಿರ ಬಂದಳು. ಹೆಜ್ಜೆ ಗಟ್ಟಿಯಾಗಿತ್ತು. “ಅವತ್ತು ನಂಗೆ ಸಿಟ್ಟೇ ಬರ್ಲಿಲ್ಲ ಕಣೇ. ಬರ್ಬೇಕು ಅಂತ ಗೊತ್ತಿತ್ತು. ಒಳಗೆಲ್ಲ ಹುಡುಕ್ದೆ, ಸಿಗ್ಲಿಲ್ಲ. ನನ್ನ ಕೈ ಹೋಯ್ತು, ಅಂಗಡಿ ಹೋಯ್ತು, ಎದುರಿಗೆ ಕೂತು ನೀನು ಅಳ್ತಿದೀಯ, ನಂಗೆ ಏನೂ ಅನ್ನಿಸ್ತಾ ಇಲ್ಲ! ನಿನ್ನ ಮಾತ್ರೆ ಅದನ್ನೂ ನುಂಗಿತ್ತು. ನೀನು ಅದನ್ನ ಕ್ಷಮೆ ಅಂತ ಎತ್ಕೊಂಡು ಹೋದೆ.”

ಭಾವ ಒಳಗಿನಿಂದ ಬಂದು ಅಕ್ಕನ ಭುಜ ಹಿಡಿದರು. ಅಕ್ಕ ಕೊಡವಿಕೊಂಡಳು.

“ನೀವು ಸುಮ್ನಿರ್ರೀ. ಇಷ್ಟು ದಿನ ಸುಮ್ನೇ ತಾನೇ ಇದ್ದೆ ನಾನು.” ಪುಟ್ಟಿಯ ಕಡೆ ತಿರುಗಿದಳು. “ನಡಿ. ಮೊಣಕೈ ನೋಡಿದ್ದು ಸಾಕು, ನಡಿಗೆ ನೋಡಿದ್ದು ಸಾಕು. ಮುಂದಿನ ವಾರ ಬರ್ಬೇಡ. ಅದರ ಮುಂದಿನ ವಾರನೂ ಬರ್ಬೇಡ. ನಿನ್ನ ಮುಖ ನೋಡ್ಬೇಕು ಅಂತ ನಂಗೆ ಯಾವಾಗ ಅನ್ಸುತ್ತೋ ಗೊತ್ತಿಲ್ಲ. ಅನ್ಸುತ್ತೋ ಇಲ್ವೋ ಅದೂ ಗೊತ್ತಿಲ್ಲ.”

ಭಾವ ಅವಳನ್ನು ಗೇಟಿನ ತನಕ ಬಿಡಲು ಬಂದರು. ಅವರ ಕಣ್ಣು ತುಂಬಿತ್ತು. ಹೆಂಡತಿಯ ದನಿ ಬೀದಿಗೆ ಕೇಳಿ ಎಷ್ಟು ಕಾಲವಾಗಿತ್ತು. ಎದುರುಮನೆಯ ಕಿಟಕಿಯೊಂದು ಆಗಲೇ ತೆರೆದಿತ್ತು. ಭಾವ ಚಿಲಕ ಹಾಕಿಕೊಂಡು ಒಳಗೆ ಹೋದರು.

ಒಳಗೆ ಅಕ್ಕ ಇನ್ನೂ ಬೈಯುತ್ತಲೇ ಇದ್ದಳು. ಮಾತು ಸ್ಪಷ್ಟವಾಗಿತ್ತು, ದನಿ ಏರಬೇಕಾದಲ್ಲಿ ಏರುತ್ತಿತ್ತು, ಉಸಿರು ಎಲ್ಲೂ ಸೋಲಲಿಲ್ಲ. ಪುಟ್ಟಿ ಕಾರು ಹತ್ತದೆ ಗೇಟಿನ ಹೊರಗೆ ನಿಂತು, ಅದು ನಿಲ್ಲುವ ತನಕ ಪೂರ್ತಿ ಕೇಳಿಸಿಕೊಂಡಳು.